ವ್ಯಾನಿನ ಹಿಂಭಾಗದ ಸಾಮಾನು ಜಾರದಂತೆ ಕಟ್ಟುವುದು ಹೇಗೆ? ಪಟ್ಟಿ ಉಳಿಯಿತು, ನೆಲದ ಕೊಂಡಿಯೇ ಕಿತ್ತು ಬಂತು

ದಾರಿಹೋಕ:

ಸರಕು ಸಾಗಿಸುತ್ತಿದ್ದ ವ್ಯಾನ್ ಒಂದನ್ನು ಕೊಂಡು, ಒಳಗೆ ಹಲಗೆ ಹಾಸಿ, ಮಂಚ, ಕಪಾಟು, ನೀರಿನ ಟ್ಯಾಂಕ್ ಎಲ್ಲವನ್ನೂ ಕೂರಿಸಿಕೊಂಡು ಎಂಟು ತಿಂಗಳಾಯಿತು. ಕೆಲಸವೂ ಅದರಲ್ಲೇ, ವಾಸವೂ ಅದರಲ್ಲೇ. ಮೊನ್ನೆಯವರೆಗೆ ಎಲ್ಲವೂ ಗಟ್ಟಿಯಾಗಿದೆ ಎಂದೇ ನಂಬಿದ್ದೆ.

ಮೊನ್ನೆ ಸುಮಾರು 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾಗ ನಾಯಿಯೊಂದು ಅಡ್ಡ ಬಂತು. ಬ್ರೇಕನ್ನು ಪೂರ್ತಿ ಒತ್ತಿದೆ. ವ್ಯಾನ್ ನಿಂತಿತು, ನಾಯಿಯೂ ಬದುಕಿತು. ಆದರೆ ಹಿಂದಿನಿಂದ ಏನೋ ಕಿತ್ತ ಸದ್ದು, ಅದರ ಬೆನ್ನಿಗೇ ನನ್ನ ಆಸನಕ್ಕೆ ಒಂದು ಗುದ್ದು. 45 ಕೆ.ಜಿ. ತೂಗುವ ಸಲಕರಣೆ ಪೆಟ್ಟಿಗೆ ಒಂದು ಮೀಟರ್‌ಗೂ ಹೆಚ್ಚು ಜಾರಿ ಬಂದು ಆಸನದ ಬುಡಕ್ಕೆ ತಾಕಿತ್ತು.

ಇಳಿದು ನೋಡಿದರೆ ಪೆಟ್ಟಿಗೆಯ ಮೇಲಿಂದ ಹಾಯಿಸಿ ಕಟ್ಟಿದ್ದ ಪಟ್ಟಿ ಹರಿದಿಲ್ಲ, ಅದನ್ನು ಬಿಗಿಯುವ ಹಲ್ಲುಚಕ್ರದ ಹಿಡಿ, ಅಂದರೆ ರ್ಯಾಚೆಟ್, ಬಿಚ್ಚಿಕೊಂಡಿಲ್ಲ. ನೆಲಕ್ಕೆ ಹಾಕಿದ್ದ ಕೊಂಡಿ ಪಟ್ಟಿಯ ಕೊಕ್ಕೆಯಲ್ಲೇ ನೇತಾಡುತ್ತಿತ್ತು. ಅದರ ನಾಲ್ಕು ತಿರುಪುಗಳೂ ಇದ್ದಲ್ಲೇ ಇದ್ದವು, ಅವುಗಳ ಸುರುಳಿಯಲ್ಲಿ ಮರದ ನಾರು ಸುತ್ತಿಕೊಂಡಿತ್ತು. 12 ಮಿ.ಮೀ. ಪ್ಲೈವುಡ್ಡಿನಲ್ಲಿ ಬಾಯಿ ಬಿಟ್ಟ ನಾಲ್ಕು ತೂತುಗಳು ಮಾತ್ರ ಉಳಿದಿದ್ದವು.

ಇನ್ನೂ ಉದ್ದದ ತಿರುಪು ಹಾಕಬೇಕೇ? ಪಟ್ಟಿಯನ್ನೇ ದಪ್ಪಗಿನದಕ್ಕೆ ಬದಲಾಯಿಸಬೇಕೇ? ಚಾಲಕನ ಆಸನದ ಹಿಂದೆ ಮೊದಲಿದ್ದ ಅಡ್ಡಗೋಡೆಯನ್ನು ಓಡಾಡಲು ಅನುಕೂಲವಾಗಲೆಂದು ನಾನೇ ತೆಗೆಸಿದ್ದೆ ಎಂಬುದನ್ನೂ ಹೇಳಬೇಕು.


ಲೋಹಕೆಲಸ:

ನಿಮಗೆ ಪೆಟ್ಟಾಗಲಿಲ್ಲ, ಅದು ದೊಡ್ಡದು. ತಿರುಪಿನ ಉದ್ದದ ವಿಚಾರವನ್ನು ಮಾತ್ರ ಇಲ್ಲಿಗೇ ಬಿಟ್ಟುಬಿಡಿ. 12 ಮಿ.ಮೀ. ಹಲಗೆಗೆ 50 ಮಿ.ಮೀ. ತಿರುಪು ಹಾಕಿದರೂ ಅದು ಕಚ್ಚಿಕೊಳ್ಳುವುದು 12 ಮಿ.ಮೀ. ಮರವನ್ನಷ್ಟೇ. ಮಾರ್ಪಡಿಸಿದ ವ್ಯಾನಿನಲ್ಲಿ ಪ್ಲೈವುಡ್ ಎಂದರೆ ನೆಲದ ಮೇಲಿನ ಹೊದಿಕೆ. ನಿಜವಾದ ನೆಲ ಅದರ ಕೆಳಗಿನ ಉಕ್ಕು.

ಕೊಂಡಿ ಕೀಳುವ ಬಗೆಯನ್ನು ನೋಡಿ. ಪಟ್ಟಿ ಅದನ್ನು ನೇರ ಮೇಲಕ್ಕೆ ಎಳೆಯುವುದಿಲ್ಲ, ಓರೆಯಾಗಿ ಎಳೆಯುತ್ತದೆ. ಆಗ ಕೊಂಡಿಯ ತಳದ ಒಂದು ಅಂಚು ಹಲಗೆಗೆ ಒತ್ತಿಕೊಂಡು ಆನಿಕೆಯಾಗುತ್ತದೆ, ಎದುರಿನ ಎರಡು ತಿರುಪುಗಳು ಮೊಳೆ ಕೀಳುವ ಸುತ್ತಿಗೆಗೆ ಸಿಕ್ಕಂತೆ ಮೇಲೇಳುತ್ತವೆ. ನಾಲ್ಕು ತಿರುಪು ಇದೆ ಎಂದು ನಾವು ಲೆಕ್ಕ ಹಾಕುತ್ತೇವೆ, ಹೊರೆ ಹೊರುವುದು ಎರಡೇ.

ಹೊಸ ಕೊಂಡಿ ಹಾಕುವುದಾದರೆ ತಿರುಪು ಬೇಡ, ನೆಲದಾಚೆಗೆ ತೂರಿಹೋಗುವ ಬೋಲ್ಟ್ ಹಾಕಿ. ಎಂ8 ಅಥವಾ ಎಂ10 (ಅಂದರೆ 8 ಅಥವಾ 10 ಮಿ.ಮೀ. ದಪ್ಪದ್ದು), ತಲೆಯ ಮೇಲೆ ಬಲದ ದರ್ಜೆ 8.8 ಎಂದು ಕೊರೆದಿರುವಂಥದ್ದು. ಕೆಳಗಿನಿಂದ ಅಂಗೈಯಗಲದ, 3 ಅಥವಾ 4 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ಕೊಟ್ಟು ನಟ್ ಬಿಗಿಯಿರಿ. ವ್ಯಾನಿನ ನೆಲದ ತಗಡು ತೆಳು. ತಟ್ಟೆ ಇಲ್ಲದೆ ಬರೀ ವಾಷರ್ ಹಾಕಿದರೆ ಬೋಲ್ಟು ತಗಡನ್ನೇ ಹರಿದುಕೊಂಡು ಬರುತ್ತದೆ. ತಗಡಿನ ಕೆಳಗೆ ಅಡ್ಡಲಾಗಿ ಓಡುವ ಉಕ್ಕಿನ ತೊಲೆಗಳಿರುತ್ತವೆ, ಅವುಗಳ ಹತ್ತಿರ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.

ಡ್ರಿಲ್ ಹಿಡಿಯುವ ಮೊದಲು ವ್ಯಾನಿನ ಕೆಳಗೆ ಮಲಗಿ ನೋಡಿ. ಇಂಧನ ಟ್ಯಾಂಕ್, ಬ್ರೇಕ್ ಪೈಪು, ತಂತಿಗಳ ಕಟ್ಟು ಯಾವುದು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಕೊರೆದ ತೂತಿನ ಅಂಚಿಗೆ ಪ್ರೈಮರ್ ಬಳಿದು, ಮೇಲೆ ಸೀಲಂಟ್ ತುಂಬಿ. ಹಾಗೇ ಬಿಟ್ಟರೆ ಕೆಲವು ಮಳೆಗಾಲದಲ್ಲೇ ತುಕ್ಕು ಆ ತೂತನ್ನು ತಿಂದು ಅಗಲ ಮಾಡುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಪ್ರಶ್ನೆ. ಸರಕು ವ್ಯಾನುಗಳಿಗೆ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ನೆಲಕ್ಕೆ ಕೊಂಡಿ ಕೂರಿಸಿರುತ್ತಾರೆ. ನಿಮ್ಮದರಲ್ಲಿ ಅವು ಏನಾದವು?


ದಾರಿಹೋಕ:

ಆರು ಕೊಂಡಿಗಳಿದ್ದವು. ಹಲಗೆ ಸಮವಾಗಿ ಕೂರಲಿಲ್ಲವೆಂದು ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಈಗ ಆ ಡಬ್ಬಿ ನನ್ನ ಮುಂದೆಯೇ ಇದೆ.


ಲೋಹಕೆಲಸ:

ಹಾಗಾದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಅವುಗಳ ಬೋಲ್ಟು ಕೂರುವ ತೂತುಗಳು ಉಕ್ಕಿನಲ್ಲಿ ಇನ್ನೂ ಇವೆ, ಕೆಳಗಿನ ಬಲವರ್ಧನೆಯೂ ಇದೆ. ಆ ಆರು ಜಾಗಗಳಲ್ಲಿ ಹಲಗೆಯನ್ನು ಕತ್ತರಿಸಿ ಕೊಂಡಿಗಳನ್ನು ಮರಳಿ ಹಾಕಿ. ಕೊಂಡಿಯ ತಳ ಉಕ್ಕಿನ ಮೇಲೇ ಕೂರಬೇಕು, ನಡುವೆ ಪ್ಲೈವುಡ್ ಇರಬಾರದು. ಮರ ಕಾಲಕ್ರಮದಲ್ಲಿ ಕುಗ್ಗುತ್ತದೆ, ಬಿಗಿದ ಬೋಲ್ಟು ತಾನಾಗಿಯೇ ಸಡಿಲವಾಗುತ್ತದೆ.


ಲೆಕ್ಕದವಳು:

ಲೋಹಕೆಲಸ ಹೇಳಿದ್ದೆಲ್ಲ ಸರಿ. ಆದರೆ ಬಲವಾದ ಕೊಂಡಿ ಹಾಕಿ ಮತ್ತೆ ಹಾಗೆಯೇ ಕಟ್ಟಿದರೆ ಪೆಟ್ಟಿಗೆ ಮತ್ತೆ ಜಾರುವ ಸಂಭವವಿದೆ. ದಯವಿಟ್ಟು ಈ ಲೆಕ್ಕವನ್ನು ತಾಳ್ಮೆಯಿಂದ ಓದಿ.

ರಸ್ತೆಯ ಮೇಲೆ ಸರಕು ಕಟ್ಟುವುದಕ್ಕೆ ಯುರೋಪಿನಲ್ಲಿ ಇಎನ್ 12195-1 ಎಂಬ ಮಾನದಂಡವಿದೆ. ಅದರ ಪ್ರಕಾರ ಕಟ್ಟು ಮುಂದಕ್ಕೆ ಸಾಮಾನಿನ ತೂಕದ 0.8 ಪಾಲು ಬಲವನ್ನು ತಡೆಯಬೇಕು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು. ಮುಂದಿನದೇ ಹೆಚ್ಚು, ಏಕೆಂದರೆ ನಾವು ಬ್ರೇಕ್ ಒತ್ತುವಷ್ಟು ರಭಸವಾಗಿ ವೇಗ ಹೆಚ್ಚಿಸುವುದೂ ಇಲ್ಲ, ತಿರುಗುವುದೂ ಇಲ್ಲ.

ನಿಮ್ಮ 45 ಕೆ.ಜಿ. ಪೆಟ್ಟಿಗೆಗೆ 0.8 ಎಂದರೆ 36 ಕೆ.ಜಿ.ಯಷ್ಟು ಬಲ. ಪ್ಲೈವುಡ್ ಮೇಲೆ ಪೆಟ್ಟಿಗೆಯ ಘರ್ಷಣೆ ಸುಮಾರು 0.3 ಎಂದಿಟ್ಟುಕೊಳ್ಳೋಣ. ಅಂದರೆ ತನ್ನ ತೂಕದಿಂದಲೇ ಅದು 13.5 ಕೆ.ಜಿ.ಯಷ್ಟು ತಡೆದುಕೊಳ್ಳುತ್ತದೆ. ಉಳಿದ 22.5 ಎಲ್ಲಿಂದ ಬರಬೇಕು? ನೀವು ಪಟ್ಟಿಯನ್ನು ಪೆಟ್ಟಿಗೆಯ ಮೇಲಿಂದ ಹಾಯಿಸಿ ಕಟ್ಟಿದ್ದೀರಿ. ಮೇಲಿಂದ ಹಾಯುವ ಪಟ್ಟಿ ಮುಂದಕ್ಕೆ ಹೋಗುವುದನ್ನು ನೇರವಾಗಿ ತಡೆಯುವುದಿಲ್ಲ, ಪೆಟ್ಟಿಗೆಯನ್ನು ನೆಲಕ್ಕೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ, ಅಷ್ಟೇ. 22.5ನ್ನು 0.3ರಿಂದ ಭಾಗಿಸಿ: 75 ಕೆ.ಜಿ.ಯಷ್ಟು ಒತ್ತಡ ಬೇಕು. ಪೆಟ್ಟಿಗೆಯ ಮೇಲೆ ಒಬ್ಬ ಆಳು ಸದಾ ನಿಂತಿರಬೇಕು ಎಂದ ಹಾಗೆ.

ಈಗ ಪೆಟ್ಟಿಗೆಯ ಅಡಿಗೆ ಜಾರದಂಥ ರಬ್ಬರ್ ಚಾಪೆ ಹಾಕಿ. ಘರ್ಷಣೆ 0.6ಕ್ಕೆ ಏರುತ್ತದೆ. ತನ್ನ ತೂಕದಿಂದಲೇ 27 ಸಿಗುತ್ತದೆ, ಉಳಿಯುವುದು 9. ಅದನ್ನು 0.6ರಿಂದ ಭಾಗಿಸಿದರೆ 15. ಒಂದು ಚಾಪೆ 75ನ್ನು 15ಕ್ಕೆ ಇಳಿಸಿತು. ಸಾಮಾನು ಕಟ್ಟುವ ವಿಷಯದಲ್ಲಿ ಇಷ್ಟು ಸುಲಭವಾಗಿ ಇಷ್ಟು ದೊಡ್ಡ ಫಲ ಕೊಡುವ ವಸ್ತು ಬೇರೊಂದನ್ನು ನಾನು ಕಂಡಿಲ್ಲ. ಚಾಪೆಯ ಮೇಲೆ ಮರಳು, ಧೂಳು, ಎಣ್ಣೆ ಕೂರದಂತೆ ಮಾತ್ರ ನೋಡಿಕೊಳ್ಳಬೇಕು.

ಕೋನವೂ ಮುಖ್ಯ. ಪಟ್ಟಿ ನೆಲಕ್ಕೆ ನೆಟ್ಟಗೆ ಇಳಿದರೆ ಎಳೆತ ಪೂರ್ತಿ ಒತ್ತಡವಾಗುತ್ತದೆ. ಕುಳ್ಳಗಿನ ಪೆಟ್ಟಿಗೆಗೆ ದೂರದ ಕೊಂಡಿಗಳಿಂದ ಕಟ್ಟಿ, ಪಟ್ಟಿ ನೆಲಕ್ಕೆ 30 ಡಿಗ್ರಿಯಲ್ಲಿ ಮಲಗಿದರೆ ಅರ್ಧ ಮಾತ್ರ ಸಿಗುತ್ತದೆ. ಮೂಲೆಗಳಲ್ಲಿ ಪಟ್ಟಿ ಉಜ್ಜಿಕೊಂಡು ಇನ್ನಷ್ಟು ಕಳೆದುಹೋಗುತ್ತದೆ.

ಇನ್ನೊಂದು ಮಾತು. ಕೈಯಿಂದ ಬಿಗಿಯುವ ದೊಡ್ಡ ರ್ಯಾಚೆಟ್ ಪಟ್ಟಿಯಲ್ಲಿ ನೂರಾರು ಕೆ.ಜಿ.ಯ ಎಳೆತವನ್ನು ಹುಟ್ಟಿಸಬಲ್ಲದು. ನೀವು ಬಿಗಿದ ಕ್ಷಣದಿಂದ ಆ ಎಳೆತ ಕೊಂಡಿಯ ಮೇಲೆ ಹಗಲೂ ರಾತ್ರಿಯೂ ಇರುತ್ತದೆ, ಅದರ ಮೇಲೆ ರಸ್ತೆಯ ಕುಲುಕಾಟ ಬೇರೆ. ನನ್ನ ಊಹೆಯಲ್ಲಿ ನಿಮ್ಮ ಕೊಂಡಿ ಎಂಟು ತಿಂಗಳಿಂದ ದಿನದಿನವೂ ಕೂದಲೆಳೆಯಷ್ಟು ಮೇಲೇಳುತ್ತಲೇ ಇತ್ತು. ನಾಯಿ ಅಡ್ಡ ಬಂದದ್ದು ಕೊನೆಯ ದಿನ.


ಹಳೇಬಡಗಿ:

ಲೆಕ್ಕದವಳು ಬರೆದದ್ದನ್ನು ನನ್ನ ಕೈಕೆಲಸದ ಭಾಷೆಯಲ್ಲಿ ಹೇಳುತ್ತೇನೆ: ಮೊದಲು ಅಡ್ಡ ಕೊಡಿ, ಆಮೇಲೆ ಕಟ್ಟಿ.

ಸಾಮಾನಿನ ಮುಂದೆ ಖಾಲಿ ಜಾಗ ಇದ್ದರೆ ಅದು ಆ ಜಾಗದಲ್ಲಿ ಓಟ ಕಿತ್ತು ವೇಗ ಗಳಿಸುತ್ತದೆ. ಜಾಗವೇ ಇಲ್ಲದಿದ್ದರೆ ಒರಗಿಕೊಂಡು ನಿಲ್ಲುತ್ತದೆ. ಪೆಟ್ಟಿಗೆಯ ಸುತ್ತ ನಾಲ್ಕು ಕಡೆಯೂ 50 ಮಿ.ಮೀ. ಎತ್ತರದ ಗಟ್ಟಿ ಮರದ ಪಟ್ಟಿಗಳನ್ನು ಕೂರಿಸಿ ಒಂದು ತೊಟ್ಟಿಲು ಮಾಡಿ. ಮುಂದಿನ ಪಟ್ಟಿಯನ್ನು ತಿರುಪಿನಿಂದ ಹಾಕದೆ ನೆಲದ ಉಕ್ಕಿಗೆ ಬೋಲ್ಟಿನಿಂದ ಬಿಗಿಯಿರಿ. ಪೆಟ್ಟಿಗೆ ಅದರೊಳಗೆ ಬೆರಳು ತೂರದಷ್ಟು ಹೊಂದಿಕೊಳ್ಳಬೇಕು. ಆಗ ರ್ಯಾಚೆಟ್ ಪಟ್ಟಿಗೆ ಉಳಿಯುವ ಕೆಲಸ ಪೆಟ್ಟಿಗೆ ತೊಟ್ಟಿಲಿನಿಂದ ಮೇಲೆ ಹಾರದಂತೆ, ಮಗುಚದಂತೆ ಹಿಡಿಯುವುದು ಮಾತ್ರ. ಅದಕ್ಕೆ ಅದು ತಕ್ಕ ವಸ್ತು.

ನಿಮ್ಮ ಮಂಚದ ಚೌಕಟ್ಟು ವ್ಯಾನಿನ ಮೈಗೆ ಬೋಲ್ಟ್ ಆಗಿದ್ದರೆ ಇನ್ನೂ ಅನುಕೂಲ. ಭಾರದ ಪೆಟ್ಟಿಗೆಯನ್ನು ಮಂಚದ ಅಡಿಗೆ ಸರಿಸಿ, ಅದರ ಮುಂದಿನ ಅಡ್ಡತೊಲೆಗೆ ಒರಗಿಸಿಡಿ.

ಭಾರ ನೆಲದಲ್ಲಿ, ಹಗುರ ಮೇಲೆ. ಇದನ್ನು ಎಲ್ಲರೂ ಬಲ್ಲರು. ಆದರೂ ತಲೆಯ ಮಟ್ಟದ ಕಪಾಟಿನಲ್ಲಿ ಡ್ರಿಲ್ ಯಂತ್ರ ಇಟ್ಟವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಭಾರವೆಲ್ಲ ಹಿಂದಿನ ಅಚ್ಚಿನಾಚೆ ಬಾಗಿಲ ಬಳಿ ಕೂತರೆ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ತೇಲಿದಂತಾಗುತ್ತದೆ. ಎರಡು ಅಚ್ಚುಗಳ ನಡುವೆ, ಎಡಬಲ ಸಮನಾಗಿ ಇಡಿ.


ಮೂರನೇಗೇರ್:

ಹಗುರ ಸಾಮಾನುಗಳಿಗೆ ನಾನು ಕೊಕ್ಕೆಯಿರುವ ರಬ್ಬರ್ ಹಗ್ಗಗಳನ್ನೇ ಬಳಸುತ್ತೇನೆ, ವರ್ಷಗಳಿಂದ ಏನೂ ತೊಂದರೆಯಾಗಿಲ್ಲ. ಎಲ್ಲಕ್ಕೂ ರ್ಯಾಚೆಟ್ ಬೇಕೆನ್ನುವುದು ಅತಿಯಾಯಿತು ಎನಿಸುತ್ತದೆ. ಪ್ಲಾಸ್ಟಿಕ್ ಡಬ್ಬಗಳನ್ನು ರ್ಯಾಚೆಟ್ ಹಾಕಿ ಬಿಗಿದರೆ ಡಬ್ಬವೇ ನುಗ್ಗಾಗುತ್ತದೆ.


ಲೆಕ್ಕದವಳು:

ಡಬ್ಬದ ಮಾತು ನಿಜ. ಅಂಥವಕ್ಕೆ ರ್ಯಾಚೆಟ್ ಇಲ್ಲದ, ಕೈಯಿಂದ ಎಳೆದು ಹಿಡಿಸುವ ಬಕಲ್ ಪಟ್ಟಿ ಸಾಕು. ಹಾಸಿಗೆ, ಬಟ್ಟೆಯ ಚೀಲಗಳಿಗೆ ಬಲೆಯೂ ಆಗುತ್ತದೆ. ಆದರೆ ರಬ್ಬರ್ ಹಗ್ಗದ ಬಗ್ಗೆ ನಾನು ಒಪ್ಪಲಾರೆ. ಪಾಲಿಯೆಸ್ಟರ್ ಪಟ್ಟಿ ತನ್ನ ಪೂರ್ತಿ ಸಾಮರ್ಥ್ಯದ ಎಳೆತದಲ್ಲೂ ಹೆಚ್ಚೆಂದರೆ ನೂರಕ್ಕೆ 7ರಷ್ಟು ಉದ್ದವಾಗಬೇಕು ಎಂಬುದು ನಿಯಮ. ರಬ್ಬರ್ ಹಗ್ಗ ಹಿಗ್ಗುವುದಕ್ಕೆಂದೇ ಇರುವುದು. ಬ್ರೇಕ್ ಹಾಕಿದಾಗ ಅದು ಹಿಗ್ಗಿ ಸಾಮಾನನ್ನು ಮುಂದೆ ಹೋಗಲು ಬಿಡುತ್ತದೆ, ಆಮೇಲೆ ಹಿಂದಕ್ಕೆ ಚಿಮ್ಮಿಸುತ್ತದೆ. ಬಿಚ್ಚುವಾಗ ಕೊಕ್ಕೆ ಜಾರಿ ಮುಖಕ್ಕೆ ಬಡಿದು ಕಣ್ಣು ಕಳೆದುಕೊಂಡವರಿದ್ದಾರೆ. ಬಳಸುವುದೇ ಆದರೆ ಎಳೆಯುವ ಸಾಲಿನಲ್ಲಿ ಮುಖವಿಡಬೇಡಿ.


ಮೂರನೇಗೇರ್:

ಕಣ್ಣಿನ ಮಾತು ನನಗೆ ಹೊಳೆದಿರಲಿಲ್ಲ. ದಿಂಬು, ಹೊದಿಕೆಗಳಿಗೆ ಬಿಟ್ಟು ಉಳಿದ ಕಡೆ ಬಕಲ್ ಪಟ್ಟಿಗೆ ಬದಲಾಯಿಸುತ್ತೇನೆ.


ಗಂಟುಗಾರ:

ಪಟ್ಟಿ ಕೊಳ್ಳುವವರು ಅದಕ್ಕೆ ಹೊಲಿದ ಲೇಬಲ್ ಓದುವುದನ್ನು ಕಲಿಯಬೇಕು. ನೀಲಿ ಲೇಬಲ್ ಎಂದರೆ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್. ವ್ಯಾನಿಗೆ ಪಾಲಿಯೆಸ್ಟರೇ ಸರಿ, ನೈಲಾನ್ ಹೆಚ್ಚು ಹಿಗ್ಗುತ್ತದೆ, ನೀರು ಹೀರಿದರೆ ಇನ್ನೂ ಸಡಿಲ. ಎಲ್‌ಸಿ ಎಂದು ಬರೆದಿರುವುದು ಪಟ್ಟಿ ನೇರ ಎಳೆತದಲ್ಲಿ ತಾಳುವ ಬಲ. ಎಸ್‌ಟಿಎಫ್ ಎಂದಿರುವುದು ಕೈಯಿಂದ ರ್ಯಾಚೆಟ್ ಬಿಗಿದಾಗ ಪಟ್ಟಿಯಲ್ಲಿ ಉಳಿಯುವ ಎಳೆತ. ಎರಡೂ ಡೆಕಾನ್ಯೂಟನ್ ಲೆಕ್ಕದಲ್ಲಿರುತ್ತವೆ, ಒಂದು ಡೆಕಾನ್ಯೂಟನ್ ಹತ್ತಿರ ಹತ್ತಿರ ಒಂದು ಕೆ.ಜಿ. ಭಾರ. ಮೇಲಿಂದ ಹಾಯಿಸಿ ಕಟ್ಟುವವರು ಎಲ್‌ಸಿಯ ದೊಡ್ಡ ಅಂಕಿ ನೋಡಿ ಹಿಗ್ಗುತ್ತಾರೆ, ಅವರ ಕೆಲಸಕ್ಕೆ ಬರುವುದು ಎಸ್‌ಟಿಎಫ್‌ನ ಸಣ್ಣ ಅಂಕಿ.

ಎಲ್‌ಸಿಯ ಪೂರ್ತಿ ಉಪಯೋಗ ಬೇಕಾದರೆ ಓರೆ ಕಟ್ಟು ಹಾಕಿ. ಪೆಟ್ಟಿಗೆಯ ಹಿಡಿಕೆ ಗಟ್ಟಿಯಾಗಿದ್ದರೆ ಅಲ್ಲಿಂದ ಹಿಂದಿನ ಮೂಲೆಯ ಕೊಂಡಿಗೆ ಒಂದು ಪಟ್ಟಿ, ಎದುರು ಬದಿಯಿಂದ ಇನ್ನೊಂದು. ಪೆಟ್ಟಿಗೆ ಮುಂದೆ ಹೋಗಲು ನೋಡಿದರೆ ಪಟ್ಟಿಯೇ ಅದನ್ನು ಹಿಡಿದು ನಿಲ್ಲಿಸುತ್ತದೆ, ಘರ್ಷಣೆಯನ್ನೇ ನಂಬಿ ಕೂರಬೇಕಾಗಿಲ್ಲ.

ಪಟ್ಟಿಗೆ ಗಂಟು ಹಾಕಬೇಡಿ, ಗಂಟಿನ ಜಾಗದಲ್ಲಿ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಲೋಹದ ಅಂಚಿನ ಮೇಲೆ ಹಾಯುವಲ್ಲಿ ಪ್ಲಾಸ್ಟಿಕ್ ಮೂಲೆ ಇಡಿ. ಕಿಟಕಿಯ ಬಿಸಿಲಿಗೆ ವರ್ಷಗಟ್ಟಲೆ ಬಿದ್ದಿರುವ ಪಟ್ಟಿ ಬಣ್ಣಗೆಟ್ಟು ಮುಟ್ಟಿದರೆ ಒರಟಾಗಿರುತ್ತದೆ, ಅದನ್ನು ಕತ್ತರಿಸಿ ಎಸೆಯಿರಿ. ಇಡಿಯಾಗಿ ಎಸೆದರೆ ಯಾರಾದರೂ ಎತ್ತಿಕೊಂಡು ಬಳಸುತ್ತಾರೆ.


ನಿಧಾನಪಯಣ:

ನಮ್ಮ ವ್ಯಾನಿನಲ್ಲೂ ಟ್ಯಾಂಕ್ ಇದೆ, ಹಾಗಾಗಿ ಕೇಳುತ್ತಿದ್ದೇನೆ. ನೀರಿನ ಟ್ಯಾಂಕ್, ಗ್ಯಾಸ್ ಸಿಲಿಂಡರ್, ಬ್ಯಾಟರಿ ಇವುಗಳಿಗೂ ಇದೇ ನಿಯಮವೇ?


ಹಳೇಬಡಗಿ:

ನಿಯಮ ಅದೇ, ಆದರೆ ನೀರಿನ ಹಟವೇ ಬೇರೆ. 100 ಲೀಟರ್ ಎಂದರೆ 100 ಕೆ.ಜಿ. ತುಂಬಿದ ಟ್ಯಾಂಕ್ ಕಲ್ಲಿನಂತೆ ಕೂತಿರುತ್ತದೆ. ಅರ್ಧ ತುಂಬಿದ್ದು ಬ್ರೇಕ್ ಹಾಕಿದಾಗ ಅಲೆಯಾಗಿ ಮುಂದಿನ ಗೋಡೆಗೆ ಅಪ್ಪಳಿಸುತ್ತದೆ, ವ್ಯಾನ್ ನಿಂತ ಮೇಲೂ ಇನ್ನೊಮ್ಮೆ ತಳ್ಳುತ್ತದೆ. ಒಳಗೆ ಅಡ್ಡ ತಡೆಗಳಿರುವ ಟ್ಯಾಂಕ್ ಆದರೆ ಅಲೆ ಒಡೆಯುತ್ತದೆ. ಅಡ್ಡ ತಡೆ ಇಲ್ಲದ ದೊಡ್ಡ ಟ್ಯಾಂಕಿಗಿಂತ ಎರಡು ಸಣ್ಣ ಟ್ಯಾಂಕ್ ಮೇಲು.

ಪಟ್ಟಿಯೊಂದರಿಂದಲೇ ಟ್ಯಾಂಕ್ ಹಿಡಿಸುವವರು ಒಂದನ್ನು ಗಮನಿಸಿರುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕ್ ನೀರು ತುಂಬಿದಾಗ ಹೊಟ್ಟೆ ಉಬ್ಬಿಸುತ್ತದೆ, ಖಾಲಿಯಾದಂತೆ ಒಳಗೆ ಸರಿಯುತ್ತದೆ. ಬೆಳಗ್ಗೆ ಬಿಗಿಯಾಗಿದ್ದ ಪಟ್ಟಿ ಸಂಜೆಗೆ ಜೋಲುತ್ತದೆ. ನನ್ನದನ್ನು ನಾನು ಕೈಯಲ್ಲಿ ಮುಟ್ಟಿ ನೋಡಿದ್ದೇನೆ: ತುಂಬಿದಾಗ ತಂತಿಯಂತೆ ಬಿಗಿದಿದ್ದ ಪಟ್ಟಿಯ ಅಡಿಗೆ, ಟ್ಯಾಂಕ್ ಬರಿದಾದ ಮೇಲೆ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು. ಟ್ಯಾಂಕಿಗೆ ನಾಲ್ಕು ಬದಿಯೂ ಗಟ್ಟಿ ಪೆಟ್ಟಿಗೆಯಂಥ ಗೂಡು ಬೇಕು, ಪಟ್ಟಿ ಅದರ ಮೇಲಿನ ಮುಚ್ಚಳದಂತೆ ಇರಲಿ.


ಲೋಹಕೆಲಸ:

ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಅನಿಲದ ಬದಲು ದ್ರವವೇ ವಾಲ್ವಿಗೆ ಬರುತ್ತದೆ. ಒಂದು ಪಟ್ಟಿ ಕೆಳಭಾಗಕ್ಕೆ, ಇನ್ನೊಂದು ಮೇಲ್ಭಾಗಕ್ಕೆ, ಬುಡಕ್ಕೆ ಜಾರದಂತೆ ಒಂದು ಬಳೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಸಿಲಿಂಡರಿನ ಗೂಡು ವಾಸದ ಭಾಗಕ್ಕೆ ಪೂರ್ತಿ ಮುಚ್ಚಿರಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆಯುವ ಗಾಳಿಕಂಡಿ ಇರಬೇಕು. ಓಡಿಸುವಾಗ ವಾಲ್ವ್ ಮುಚ್ಚಿರಲಿ.

ಬ್ಯಾಟರಿಯನ್ನು ಲೋಹದ ಚೌಕಟ್ಟಿನಿಂದ ಬೋಲ್ಟ್ ಮಾಡಿ, ಎರಡೂ ತುದಿಗಳಿಗೆ ಟೊಪ್ಪಿ ಹಾಕಿ. ಜಾರಿ ಬಂದ ಸ್ಪ್ಯಾನರ್ ಒಂದು ಎರಡು ತುದಿಗಳ ಮೇಲೆ ಅಡ್ಡ ಬಿದ್ದರೆ 12 ವೋಲ್ಟಿನ ಬ್ಯಾಟರಿಯೇ ಅದನ್ನು ಅಲ್ಲೇ ಬೆಸುಗೆ ಹಾಕುವಷ್ಟು ಕೆಂಪಾಗಿಸುತ್ತದೆ.


ದಾರಿಹೋಕ:

ಅಡ್ಡಗೋಡೆಯ ಬಗ್ಗೆ ಯಾರೂ ಬೈಯಲಿಲ್ಲ. ಅದನ್ನು ಮರಳಿ ಹಾಕಲೇಬೇಕೇ? ತೊಟ್ಟಿಲು, ಓರೆ ಕಟ್ಟು, ಚಾಪೆ ಎಲ್ಲ ಇದ್ದರೆ ಸಾಲದೇ?


ಲೆಕ್ಕದವಳು:

ಬೈಯುವ ಮಾತಲ್ಲ. ಆದರೆ ಉತ್ತರ ಕಹಿಯಾಗಿದೆ.

0.8 ಎಂಬ ಅಂಕಿ ಬ್ರೇಕಿಗೆ, ಡಿಕ್ಕಿಗಲ್ಲ. 50 ಕಿ.ಮೀ. ವೇಗದ ವ್ಯಾನ್ ಏನಕ್ಕಾದರೂ ಗುದ್ದಿ ಅರ್ಧ ಮೀಟರ್ ಅಂತರದಲ್ಲಿ ನಿಂತರೆ ಸರಾಸರಿ ಬಲ ತೂಕದ ಸುಮಾರು 20 ಪಟ್ಟು. ನಿಮ್ಮ 45 ಕೆ.ಜಿ. ಪೆಟ್ಟಿಗೆ ಆ ಕ್ಷಣದಲ್ಲಿ 900 ಕೆ.ಜಿ.ಯಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ: 50 ಕಿ.ಮೀ. ವೇಗವೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಮಹಡಿಯ ಮೇಲಿನಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ. 80 ಕಿ.ಮೀ. ಆದರೆ ಎತ್ತರ 25 ಮೀಟರ್ ದಾಟುತ್ತದೆ. ಚಾಪೆಯ ಘರ್ಷಣೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ನಿಮಗೂ ಪೆಟ್ಟಿಗೆಗೂ ನಡುವೆ ಗೋಡೆ ಬೇಕು. ಡೆಲಿವರಿ ವ್ಯಾನುಗಳಿಗೆಂದೇ 2009ರಲ್ಲಿ ಬಂದ ಐಎಸ್‌ಒ 27956 ಮಾನದಂಡ ಕೊಂಡಿಗಳ ಜೊತೆಗೆ ಈ ಅಡ್ಡಗೋಡೆಯ ಬಲವನ್ನೂ ಹೇಳುತ್ತದೆ.

ಓಡಾಡುವ ದಾರಿ ಬೇಕೇ ಬೇಕೆಂದರೆ ಚಾಲಕನ ಹಿಂದೆ ಅರ್ಧ ಗೋಡೆ ಹಾಕಿಸಿ, ದಾರಿ ಪಕ್ಕದಲ್ಲಿ ಉಳಿಯಲಿ. ಆ ದಾರಿಯ ನೇರಕ್ಕೆ ಹಿಂದೆ ಭಾರದ ವಸ್ತು ಯಾವುದೂ ಇರಬಾರದು.


ಲೋಹಕೆಲಸ:

ಅರ್ಧ ಗೋಡೆ ಹಾಕಿಸುವಾಗ ಕಂಬಗಳಿಗೆ ಕೈಗೆ ಬಂದಲ್ಲಿ ತೂತು ಕೊರೆಯಲು ಬಿಡಬೇಡಿ. ಸೀಟ್ ಬೆಲ್ಟಿನ ಆಧಾರ ಅಲ್ಲೇ ಇರುತ್ತದೆ, ಕೆಲವು ವ್ಯಾನುಗಳಲ್ಲಿ ಏರ್‌ಬ್ಯಾಗ್ ಸಾಲೂ ಹಾಯ್ದಿರುತ್ತದೆ. ಹಳೆಯ ಅಡ್ಡಗೋಡೆಯ ಬೋಲ್ಟು ತೂತುಗಳನ್ನೇ ಬಳಸಿಕೊಳ್ಳಬೇಕು.


ದಾರಿಹೋಕ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಆರೂ ಕೊಂಡಿಗಳು ಉಕ್ಕಿನ ಮೇಲೆ ಮರಳಿ ಕೂತಿವೆ. ಒಂದರ ತೂತಿನಲ್ಲಿ ತುಕ್ಕು ಶುರುವಾಗಿತ್ತು, ಕೆರೆದು ಪ್ರೈಮರ್ ಬಳಿದೆ. ಪೆಟ್ಟಿಗೆ ಮಂಚದ ಅಡಿಯ ತೊಟ್ಟಿಲಿಗೆ ಹೋಗಿದೆ, ಕೆಳಗೆ ಚಾಪೆ, ಹಿಂದಿನ ಕೊಂಡಿಗಳಿಗೆ ಎರಡು ಓರೆ ಪಟ್ಟಿ. ಚಾಲಕನ ಹಿಂದೆ ಉಕ್ಕಿನ ಅರ್ಧ ಗೋಡೆ ಹಳೆಯ ಬೋಲ್ಟುಗಳಲ್ಲೇ ನಿಂತಿದೆ. ಟ್ಯಾಂಕಿನ ಗೂಡಿನ ಕೆಲಸ ಬಾಕಿ ಇದೆ, ಅಲ್ಲಿಯವರೆಗೆ ಟ್ಯಾಂಕನ್ನು ಬರಿದು ಮಾಡಿಯೇ ಓಡಿಸುತ್ತಿದ್ದೇನೆ.

ಖಾಲಿ ಮೈದಾನದಲ್ಲಿ 30 ಕಿ.ಮೀ. ವೇಗದಿಂದ ನಾಲ್ಕು ಸಲ ಪೂರ್ತಿ ಬ್ರೇಕ್ ಹಾಕಿ ನೋಡಿದೆ. ಪೆಟ್ಟಿಗೆಯ ಬುಡಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ, ಗೆರೆ ಎಳೆದಲ್ಲೇ ಇದೆ. ಆದರೆ ಮೊದಲ ಹತ್ತು ಕಿ.ಮೀ. ಓಡಿಸಿ ನಿಂತು ನೋಡಿದಾಗ ಒಂದು ಓರೆ ಪಟ್ಟಿ ತುಸು ಸಡಿಲವಾಗಿತ್ತು.


ಗಂಟುಗಾರ:

ಅದು ಸಹಜ. ಹೊಸ ಪಟ್ಟಿ ಹೊಂದಿಕೊಳ್ಳುತ್ತದೆ, ಸಾಮಾನೂ ಕುಲುಕಿ ತನ್ನ ಜಾಗದಲ್ಲಿ ಕೂರುತ್ತದೆ. ಹೊರಟ ಹತ್ತು ಹದಿನೈದು ನಿಮಿಷಕ್ಕೆ ಒಮ್ಮೆ ನಿಂತು ಮತ್ತೆ ಬಿಗಿಯುವುದನ್ನು ರೂಢಿ ಮಾಡಿಕೊಳ್ಳಿ, ಆಮೇಲೆ ಪ್ರತಿ ನಿಲುಗಡೆಯಲ್ಲಿ ಬೆರಳಿನಿಂದ ಮೀಟಿ ನೋಡಿದರೆ ಸಾಕು. ಬಿಗಿದ ಪಟ್ಟಿ ಮೀಟಿದರೆ ದನಿ ಕೊಡುತ್ತದೆ, ಸಡಿಲವಾದದ್ದು ಸುಮ್ಮನೆ ಅಲುಗುತ್ತದೆ.


ನಿಧಾನಪಯಣ:

ಕಪಾಟಿನ ಸೆಳೆಖಾನೆಗಳಿಗೆ ಏನು ಮಾಡಿದಿರಿ? ನಮ್ಮಲ್ಲಿ ತಿರುವಿನಲ್ಲಿ ತಾವಾಗಿಯೇ ತೆರೆದುಕೊಳ್ಳುತ್ತವೆ, ಆಯಸ್ಕಾಂತದ ಹಿಡಿತ ಸಾಲುತ್ತಿಲ್ಲ.


ದಾರಿಹೋಕ:

ಆಯಸ್ಕಾಂತ ತೆಗೆದು, ಗುಂಡಿ ಒತ್ತಿದರೆ ಮಾತ್ರ ಬಿಡುವ ಚಿಲಕ ಹಾಕಿದೆ. ಗುಂಡಿ ಹೊರಗೆ ಚಾಚಿದ್ದರೆ ಚಿಲಕ ಬಿಚ್ಚಿದೆ ಎಂದು ಆಸನದಿಂದಲೇ ಕಾಣುತ್ತದೆ, ಹೊರಡುವ ಮುನ್ನ ಒಮ್ಮೆ ತಿರುಗಿ ನೋಡುತ್ತೇನೆ.